ಬರೀ ಮೊರ ಕೊಟ್ಟ ವರ್ಷ

ರೇಷನ್ ಕೊಡುವ ಜಾಗ ಬದಲಾಗಿದೆ ಅಂತ ಹೇಳಿದ್ದರು, ಎಲ್ಲಿಗೆ ಅಂತ ಯಾರೂ ಸರಿಯಾಗಿ ಹೇಳಿರಲಿಲ್ಲ. ನಮ್ಮ ತಾಲೂಕು ಊರು ಕೋಟೆಯ ಬಸ್ ಸ್ಟ್ಯಾಂಡಿನಲ್ಲಿಳಿದು ಮೊಮ್ಮಗಳ ಕೈ ಹಿಡಿದು ನಡೆದೆ. ಸಾಲಿನಲ್ಲಿ ನಿಂತು ಎರಡು ಹೆಜ್ಜೆ ಒಳಗಿಟ್ಟ ಮೇಲೆ ಗೊತ್ತಾಯಿತು, ಇದು ನಮ್ಮ ಹಳೇ ಹೆರಿಗೆ ಆಸ್ಪತ್ರೆ. ಕಣ್ಣಿಗೆ ಗೊತ್ತಾಗಲಿಲ್ಲ, ಕಣ್ಣಿಗೆ ಈಗ ಏನೂ ನೆಟ್ಟಗೆ ಗೊತ್ತಾಗುವುದಿಲ್ಲ. ಮೂಗಿಗೆ ಗೊತ್ತಾಯಿತು. ಬೆಳಗ್ಗೆ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದ್ದರು, ಅದು ಆರುವ ಮುಂಚೆಯೇ ರಾಗಿ ಮೂಟೆ ಬಿಚ್ಚಿದ್ದರು. ಫಿನಾಯಿಲ್ ವಾಸನೆ ಎಲ್ಲಾ ಕಡೆ ಇರುತ್ತದೆ, ರಾಗಿ ದೂಳಿನ ವಾಸನೆಯೂ ಎಲ್ಲಾ ಕಡೆ ಇರುತ್ತದೆ. ಎರಡನ್ನೂ ಒಟ್ಟಿಗೆ ನಾನು ಮೂಸಿರುವುದು ಇದೊಂದೇ ಜಾಗದಲ್ಲಿ, ಅದೂ ಒಂದೇ ಒಂದು ಮುಂಗಾರಿನಲ್ಲಿ.

ಅದನ್ನು ಬರಿ ಅಂತ ಮೊಮ್ಮಗಳು ನೋಟ್‌ಬುಕ್ ಕೊಟ್ಟಿದ್ದಾಳೆ. ಮೂರನೇ ಕ್ಲಾಸಿಗೆ ಬಿಡಿಸಿದ ಹೆಂಗಸು ನಾನು. ಕಾಗುಣಿತ ತಪ್ಪಿದ್ದರೆ ಅವಳು ತಿದ್ದುತ್ತಾಳಂತೆ. ಕಾಗುಣಿತ ತಿದ್ದು, ಕೋಪ ತಿದ್ದಬೇಡ ಅಂದಿದ್ದೇನೆ.

ಆಗ ಇನ್ನೂ ಆಣೆ ನಡೆಯುತ್ತಿದ್ದ ಕಾಲ. ಹೊಸ ಪೈಸೆ ಬಂದಿರಲಿಲ್ಲ. ನನ್ನ ಗಂಡ ಚಳಿಜ್ವರದಲ್ಲಿ ಹೋಗಿ ಎರಡು ವರ್ಷವಾಗಿತ್ತು. ನಾಲ್ಕು ವರ್ಷದ ಮಗಳನ್ನು ಅವ್ವನ ಹತ್ತಿರ ಬಿಟ್ಟು ಆಸ್ಪತ್ರೆಯ ಅಡುಗೆಮನೆಯಲ್ಲಿ ಮುದ್ದೆ ತೊಳಸುವ ಕೆಲಸಕ್ಕೆ ಸೇರಿದ್ದೆ. ಹತ್ತು ಮಂಚದ ಆಸ್ಪತ್ರೆ. ಊರಿನ ಒಬ್ಬ ಸಾಹುಕಾರರು ತಮ್ಮ ತಂದೆಯ ಹೆಸರಿಗೆ ಕಟ್ಟಿಸಿ, ನಡೆಸುವುದಕ್ಕೆ ಒಂದು ಕಮಿಟಿ ಮಾಡಿ, ಅದಕ್ಕೆ ತಾವೇ ಪ್ರೆಸಿಡೆಂಟ್ ಆಗಿದ್ದರು. ಖರ್ಚಿನಲ್ಲಿ ಅರ್ಧ ಸರ್ಕಾರದ್ದು, ಅರ್ಧ ಕಮಿಟಿಯದು ಅಂತ ಮಾತು. ಈಚೆಗೆ ಅವರ ಮನೆಯ ಹೆರಿಗೆಗಳು ಮಾತ್ರ ಮೈಸೂರಿನಲ್ಲೇ ಆಗುತ್ತಿದ್ದವು.

ನೋಡಿಕೊಳ್ಳುತ್ತಿದ್ದವರು ಮೈಸೂರಿನಿಂದ ಬಂದ ಡಾಕ್ಟರಮ್ಮ. ಮದುವೆಯಾಗಿರಲಿಲ್ಲ. ತೆಳ್ಳಗೆ, ಎತ್ತರಕ್ಕೆ, ಮಾತು ಕಮ್ಮಿ, ನಡಿಗೆ ಜೋರು. ಬಂದ ಮೊದಲ ವರ್ಷ ಹೆರಿಗೆಗೆ ಒಬ್ಬರೂ ಬರಲಿಲ್ಲವಂತೆ. ಆಸ್ಪತ್ರೆಗೆ ಹೋದರೆ ಹೊಟ್ಟೆ ಕುಯ್ಯುತ್ತಾರೆ ಅಂತ ಜನಕ್ಕೆ ಭಯ. ಆಗ ಅವರು ಒಂದು ಬುದ್ಧಿವಂತಿಕೆ ಮಾಡಿದರು. ಸುತ್ತಲ ಹಳ್ಳಿಗಳಿಗೆಲ್ಲ ಸೂಲಗಿತ್ತಿಯಾಗಿದ್ದ ಕೆಂಪಮ್ಮನನ್ನು ಹುಡುಕಿಕೊಂಡು ಹೋಗಿ, ನೀನೇ ಆಯಾ ಆಗಿ ಬಾ ಅಂತ ಕರೆತಂದರು. ಕೆಂಪಮ್ಮ ಅಲ್ಲಿದ್ದಾಳೆ ಅಂದ ಮೇಲೆ ಗಾಡಿಗಳು ಬರತೊಡಗಿದವು. ಕಾಲು ಮುಂದಾದ ಕೂಸುಗಳನ್ನೂ ಬದುಕಿಸಿದ ಕೈ ಅವಳದು. ನನ್ನನ್ನು ನಮ್ಮವ್ವನ ಹೊಟ್ಟೆಯಿಂದ ತೆಗೆದವಳೂ ಅವಳೇ, ನನ್ನ ಮಗಳನ್ನು ತೆಗೆದವಳೂ ಅವಳೇ. ಅವಳ ಜೊತೆಗೆ ಇನ್ನೂ ಮೂವರು ಆಯಾಗಳಿದ್ದರು. ಅವರಲ್ಲಿ ಮಾದಮ್ಮ ಅನ್ನುವವಳ ಬಾಯಿ ಊರಿಗೇ ಗೊತ್ತು.

ಈಗ ಮೊರದ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಹೆರಿಗೆಯಾದ ಮನೆಯವರು ಸೂಲಗಿತ್ತಿಗೆ ಮೊರ ಕೊಡಬೇಕು. ಮೊರದ ತುಂಬ ರಾಗಿ, ಅನುಕೂಲಸ್ಥರಾದರೆ ಅಕ್ಕಿ, ಮೇಲೆ ಒಂದು ಬೆಲ್ಲದ ಅಚ್ಚು, ತೆಂಗಿನಕಾಯಿ, ಎಲೆ ಅಡಿಕೆ, ಒಂದು ರವಿಕೆ ಕಣ. ಅದು ಕೂಲಿಯಲ್ಲ. ಕೂಲಿ ಅಂದರೆ ಕೆಂಪಮ್ಮ ಉಗಿಯುತ್ತಿದ್ದಳು. ಹೆರಿಗೆ ಆಗುವ ತನಕ ಅವಳನ್ನು ನಡುಮನೆಗೂ ಬಿಟ್ಟುಕೊಂಡು, ಆದ ಮೇಲೆ ಹಿತ್ತಲಲ್ಲಿ ಕೂರಿಸಿ ಅನ್ನ ಹಾಕುವ ಮನೆಗಳೇ ಜಾಸ್ತಿ. ಅಂಥ ಮನೆಯ ಯಜಮಾನತಿಯೂ ಮೊರ ಕೊಡುವಾಗ ಎರಡು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಕೊಡುತ್ತಿದ್ದಳು. ಕೊಟ್ಟ ಮೇಲೆಯೇ ಮಗು ನಮ್ಮದಾಯಿತು ಅಂತ ಲೆಕ್ಕ. ಇನ್ನೊಂದು ಮಾತು. ಬರೀ ಮೊರವನ್ನು ಯಾವ ಹೆಂಗಸಿನ ಕೈಗೂ ಕೊಡಬಾರದು. ಪಕ್ಕದ ಮನೆಯವಳ ಮೊರ ತಂದು ಕೇರಿ, ವಾಪಸು ಕೊಡುವಾಗಲೂ ಒಂದು ಹಿಡಿ ಕಾಳು ಉಳಿಸಿಯೇ ಕೊಡಬೇಕು. ಬರೀದು ಕೊಟ್ಟರೆ ನಿನ್ನ ಮನೆ ಹೀಗಾಗಲಿ ಅಂದ ಹಾಗೆ. ಬಾಗಿಲಲ್ಲಿ ಬೋರಲು ಹಾಕಿದರೂ ಅದೇ ಅರ್ಥ.

ಆಸ್ಪತ್ರೆಯಲ್ಲೂ ಇದೇ ನಡೆದುಕೊಂಡು ಬಂದಿತ್ತು. ಕೂಸನ್ನು ಹಿಡಿದ ಆಯಾಗೆ ಮೊರ. ಡಾಕ್ಟರಮ್ಮ ನೋಡಿಯೂ ನೋಡದ ಹಾಗೆ ಇದ್ದರು.

ಆ ವರ್ಷ ಸರ್ಕಾರದಿಂದ ಬರಬೇಕಾದ ಹಣ ಬರಲಿಲ್ಲ. ಅದು ಬಂದ ಮೇಲೆ ನಮ್ಮದು ಅಂತ ಕಮಿಟಿಯವರು ಕೈ ಬಿಗಿ ಹಿಡಿದರು. ಯುಗಾದಿಗೆ ಸಂಬಳ ಬಂದದ್ದು, ಆಮೇಲೆ ಇಲ್ಲ. ಮೂರನೇ ತಿಂಗಳಿಗೆ ಕಾಂಪೌಂಡರು ಟ್ರಂಕು ಹೊತ್ತುಕೊಂಡು ಹುಣಸೂರಿನ ಬಸ್ಸು ಹತ್ತಿದ. ಗಂಡಸು, ಹತ್ತಿದ. ನಾವು ಎಲ್ಲಿಗೆ ಹತ್ತುವುದು? ಆರಿದ್ರಾ ಮಳೆ ಹಿಡಿದಿತ್ತು. ಹಳೇ ರಾಗಿ ಮುಗಿದು ಹೊಸ ರಾಗಿಯ ಪೈರು ಇನ್ನೂ ನಾಟಿಯಾಗದೆ ಒಟ್ಲಲ್ಲಿರುವ ಕಾಲ, ಬಡವರ ಮನೆ ಕಾಳಿನ ಹಗೇವುಗಳೆಲ್ಲ ತಳ ಕಾಣುವ ಕಾಲ. ಆಸ್ಪತ್ರೆಯಲ್ಲಿ ಬಾಣಂತಿಗೊಂದು, ಜೊತೆಗೆ ಬಂದವಳಿಗೊಂದು ಮುದ್ದೆ ಕೊಡುವ ಪದ್ಧತಿ ಇತ್ತು. ಆ ಮುದ್ದೆಗೆಂದೇ ಬರುವವರೂ ಇದ್ದರು, ಸುಳ್ಳು ಯಾಕೆ. ಒಂದು ದಿನ ಉಗ್ರಾಣದ ರಾಗಿ ಡ್ರಮ್ಮಿನೊಳಗೆ ಸೇರು ಹಾಕಿದರೆ ತಗಡು ಸದ್ದು ಮಾಡಿತು. ಹೋಗಿ ಹೇಳಿದೆ.

ಡಾಕ್ಟರಮ್ಮ ಮಾರನೆಯ ದಿನ ನಮ್ಮನ್ನೆಲ್ಲ ಜಗಲಿಯಲ್ಲಿ ನಿಲ್ಲಿಸಿದರು. ಮಳೆ ಸೂರಿನಿಂದ ಹಗ್ಗದ ಹಾಗೆ ಇಳಿಯುತ್ತಿತ್ತು. ಅವರು ಗಟ್ಟಿಯಾಗಿ ಮಾತಾಡಬೇಕಾಯಿತು.

"ನೋಡ್ರಮ್ಮ, ಒಬ್ಬಳಿಗೆ ವಾರಕ್ಕೆ ಎರಡು ಮೊರ ಸಿಗುತ್ತೆ, ಇನ್ನೊಬ್ಬಳಿಗೆ ಒಂದೂ ಸಿಗಲ್ಲ. ಅದು ನ್ಯಾಯ ಅಲ್ಲ. ಇನ್ಮೇಲೆ ಮೊರದಲ್ಲಿ ಬಂದ ರಾಗಿ, ಅಕ್ಕಿ ಎಲ್ಲ ಉಗ್ರಾಣಕ್ಕೆ. ಅದರಲ್ಲೇ ಬಾಣಂತಿಯರಿಗೂ ಊಟ, ನಿಮಗೂ ಮಧ್ಯಾಹ್ನ ಊಟ. ಮೊರ ಮಾತ್ರ ನಿಮಗೇ ವಾಪಸ್ ಕೊಟ್ಟುಬಿಡ್ತೀವಿ."

ಮೊರ ವಾಪಸು ಕೊಡುವುದನ್ನು ಅವರು ಧಾರಾಳ ಅಂದುಕೊಂಡಿದ್ದರು.

ಮಾದಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ನಮ್ಮನೆ ಮಕ್ಳೂ ಇಲ್ಲೇ ಬಂದು ಉಣ್ಣಾದಾ ಅಮ್ಮೋರೆ?"

"ಸಂಬಳ ಬರೋ ತನಕ ಮಾತ್ರ ಮಾದಮ್ಮ."

"ಅದ್ಯಾವಾಗ ಬತ್ತದೆ?"

"ಮೈಸೂರಿಗೆ ಬರೆದಿದ್ದೀನಿ."

"ಮಳೆಗೂ ನೀವೇ ಬರ್ದಿದ್ರಾ? ಅದಾದ್ರೂ ಬಂದದೆ."

ಎಲ್ಲರೂ ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಕೆಂಪಮ್ಮ ಕಂಬಕ್ಕೆ ಒರಗಿ ಎಲೆಯಡಿಕೆ ಅಗಿಯುತ್ತಿದ್ದಳು. ಅವಳ ಸೊಸೆಯೂ ಎರಡು ಮೊಮ್ಮಕ್ಕಳೂ ಅವಳ ಮೊರದ ರಾಗಿಯಲ್ಲೇ ಉಣ್ಣುತ್ತಿದ್ದರು. ಅದು ನನಗೆ ಗೊತ್ತಿತ್ತು.

ಆಮೇಲೆ ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಓದು ಬರಹ ಇರುವವಳು ಇವಳೊಬ್ಬಳೇ, ಇವತ್ತಿನಿಂದ ಇವಳು ಹೆಡ್ ಆಯಾ, ಉಗ್ರಾಣದ ಬೀಗದ ಕೈ ಇವಳ ಹತ್ತಿರ ಇರುತ್ತದೆ ಅಂದರು. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದಾಗ ನನಗೆ ಹೆಮ್ಮೆಯಾಯಿತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಗಂಡ ಸತ್ತ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಮುಂದೆ ನಿಲ್ಲಿಸಿರಲಿಲ್ಲ.

ಮೂರೇ ದಿನಕ್ಕೆ ಮೊದಲ ಮೊರ ಬಂತು. ಹಂಪಾಪುರದ ಕಡೆಯ ಒಕ್ಕಲು ಮನೆ, ಹಣೆಗೆ ಈಬತ್ತಿ ಧರಿಸುವ ಅನುಕೂಲಸ್ಥರು. ಸೊಸೆಗೆ ಎರಡು ದಿನ ನೋವು, ಕೂಸು ಕಾಲು ಮುಂದಾಗಿತ್ತು. ಡಾಕ್ಟರಮ್ಮ ಮತ್ತು ಕೆಂಪಮ್ಮ ಇಬ್ಬರೂ ಬೆಳಗಿನಿಂದ ಒಳಗಿದ್ದು, ಮಧ್ಯಾಹ್ನಕ್ಕೆ ಗಂಡು ಕೂಸನ್ನು ಈಚೆಗೆ ತಂದರು. ಕೆಂಪಮ್ಮನ ಮೊಣಕೈ ತನಕ ರಕ್ತ. ಮನೆಗೆ ಹೊರಡುವ ದಿನ ಆ ಮನೆಯ ಅಜ್ಜಿ ಮೊರ ತಂದಳು. ರಾಗಿಯಲ್ಲ, ಬೆಳ್ಳನೆಯ ಅಕ್ಕಿ, ಗೋಪುರದ ಹಾಗೆ. ಜಗಲಿಯಲ್ಲಿ ಎಲ್ಲರ ಎದುರಿಗೆ ಎರಡು ಕೈಯಲ್ಲಿ ಹಿಡಿದು, "ತಕ್ಕೊ ತಾಯಿ, ನಮ್ಮ ವಂಶ ಉಳಿಸ್ದೆ" ಅಂದಳು. ಕೆಂಪಮ್ಮ ಮಡಿಲೊಡ್ಡಿ ತೆಗೆದುಕೊಂಡಳು.

ನಾನು ಹೋಗಿ ಅವಳ ಕೈಯಿಂದ ಅದನ್ನು ತೆಗೆದುಕೊಂಡೆ.

ಆ ಅಜ್ಜಿ ಇನ್ನೂ ಅಲ್ಲೇ ನಿಂತಿದ್ದಳು. ಗಾಡಿ ಹೂಡುವ ತನಕ ಕಾಯಬಹುದಿತ್ತು, ಕಾಯಲಿಲ್ಲ. ಡಾಕ್ಟರಮ್ಮ ಕಿಟಕಿಯಲ್ಲಿ ನೋಡುತ್ತಿದ್ದರು, ಬೀಗದ ಕೈ ಸೊಂಟಕ್ಕೆ ಒತ್ತುತ್ತಿತ್ತು. ಉಗ್ರಾಣಕ್ಕೆ ಹೋಗಿ ಡ್ರಮ್ಮಿಗೆ ಸುರಿದೆ. ಮೊರದ ಬುಡದಲ್ಲಿ ಒಂದು ಹಿಡಿಯಷ್ಟು ಅಕ್ಕಿ ಹೆಣಿಗೆಯ ಸಂದಿಗೆ ಸಿಕ್ಕಿಕೊಂಡಿತ್ತು. ಬಿಡಬಹುದಿತ್ತು. ಒಂದು ಕಾಳೂ ಆಚೀಚೆ ಆಗಿಲ್ಲ ಅಂತ ಅನ್ನಿಸಿಕೊಳ್ಳುವ ಚಪಲ. ಮೊರ ಬೋರಲು ಮಾಡಿ ಬೆನ್ನಿಗೆ ಅಂಗೈಯಿಂದ ತಟ್ಟಿದೆ, ಎರಡು ಸಲ. ಸದ್ದು ಜಗಲಿಗೂ ಕೇಳಿರಬೇಕು. ಹೊರಗೆ ತಂದು ಬರೀ ಮೊರವನ್ನು ಕೆಂಪಮ್ಮನ ಕೈಗೆ ಕೊಟ್ಟೆ.

ನನ್ನನ್ನು ಭೂಮಿಗೆ ತಂದವಳ ಕೈಗೆ.

ಅವಳು ಮೊರ ನೋಡಿದಳು, ನನ್ನನ್ನು ನೋಡಿದಳು. ಅಡುಗೆಮನೆ ಬಾಗಿಲಿಗೆ ನಡೆದು, ನಾನು ದಾಟಿ ಹೋಗುವ ಹೊಸ್ತಿಲ ಪಕ್ಕಕ್ಕೆ ಅದನ್ನು ಬೋರಲು ಹಾಕಿ, ಗೋಣಿ ಕೊಪ್ಪೆ ತಲೆಗೆ ಏರಿಸಿ ಮಳೆಯಲ್ಲೇ ಹೊರಟುಹೋದಳು. ಹಂಪಾಪುರದ ಅಜ್ಜಿ ಬಾಯಿ ಮೇಲೆ ಸೆರಗಿಟ್ಟುಕೊಂಡು ಗಾಡಿ ಹತ್ತಿದಳು.

ಮಾರನೆಯ ದಿನ ಕೆಂಪಮ್ಮ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಉಳಿದ ಮೂವರು ಬಂದರು, ಆದರೆ ಬಂದ ಹಾಗೆ ಬರಲಿಲ್ಲ. ಹಂಡೆಗೆ ಬೆಂಕಿ ಹಾಕು ಅಂದರೆ ಸೌದೆ ಹಸಿ ಅನ್ನುವುದು. ಬಟ್ಟೆ ಕುದಿಸು ಅಂದರೆ ಸೊಂಟ ನೋವು ಅನ್ನುವುದು. ಕೆಲಸ ಮಾಡುವುದಿಲ್ಲ ಅಂತ ಯಾರೂ ಹೇಳುವುದಿಲ್ಲ, ಕೆಲಸ ಮಾತ್ರ ಆಗುವುದಿಲ್ಲ. ಮಾದಮ್ಮ ಮಗುವಿಗೆ ನೀರು ಹಾಕಿ ಬಂದವಳು ನನ್ನ ಮುಂದೆ ಬರೀ ಕೈ ಎರಡನ್ನೂ ಒಡ್ಡಿ, "ಕೈಲಿ ಸೀಗೆಪುಡಿ ಅಂಟ್ಕಂಡದೆ ಎಡ್ ಆಯಮ್ನೋರೆ, ಉಗ್ರಾಣದಲ್ಲಿ ಒದರ್ಬುಟ್ಟು ಓಗ್ಲಾ?" ಅಂದಳು.

"ಸಾಕು ಬುಡು ಮಾದಿ."

"ನಂಗ್ ಸಾಕಾಗದೆ ಕಣವ್ವ. ಡ್ರಮ್ಮಿಗೆ ಸಾಕಾಗ್ಬೇಕಲ್ಲ."

ಬಾಗಿಲ ಪಕ್ಕದ ಬೋರಲು ಮೊರವನ್ನು ಯಾರೂ ಮುಟ್ಟಲಿಲ್ಲ. ಗುಡಿಸುವವಳು ಅದರ ಸುತ್ತ ಗುಡಿಸಿದಳು. ನಾನೂ ಮುಟ್ಟಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಅದರ ಪಕ್ಕದಲ್ಲೇ ಓಡಾಡಿದೆ.

ಆಮೇಲೆ ಡ್ರಮ್ಮಿನ ಕಥೆ ಏನಾಯಿತು ಅಂತೀರಿ? ಮೊರಗಳು ಬರುವುದೇ ನಿಂತವು. ಹಂಪಾಪುರದ ಅಜ್ಜಿ ಹೋದಲ್ಲೆಲ್ಲ ಹೇಳಿದ್ದಳು. ಸರ್ಗೂರು ಸಂತೆಯಲ್ಲಿ ನನಗೇ ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಕೇಳಿದಳು: "ಸೂಲಗಿತ್ತಿ ಮಡಿಲಿಗೆ ಕೊಟ್ರೆ ಮಗೀಗೆ ಒಳ್ಳೇದು. ತಗಡಿನ ಡ್ರಮ್ಮಿಗೆ ಕೊಟ್ರೆ ಯಾರ್ಗವ್ವ ಒಳ್ಳೇದು?" ಕೊಡುವುದಿಲ್ಲ ಅಂದಮೇಲೆ ಋಣ ಉಳಿಯುತ್ತದೆ, ಋಣ ಉಳಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ಅದಕ್ಕೆ ಬಸುರಿಯರು ಆಸ್ಪತ್ರೆಗೆ ಬರುವುದನ್ನೇ ಬಿಟ್ಟರು. ಕೆಂಪಮ್ಮ ಮೊದಲಿನ ಹಾಗೆ ಹಳ್ಳಿ ಹಳ್ಳಿ ತಿರುಗಿ ಮನೆಗಳಲ್ಲೇ ಹೆರಿಗೆ ಮಾಡಿಸುತ್ತಿದ್ದಾಳೆ ಅಂತ ಸುದ್ದಿ ಬಂತು. ಆಷಾಢ ಮುಗಿಯುವ ಹೊತ್ತಿಗೆ ಹತ್ತು ಮಂಚದಲ್ಲಿ ಎಂಟು ಖಾಲಿ. ಉಗ್ರಾಣಕ್ಕೆ ರಾಗಿಯೂ ಬರಲಿಲ್ಲ, ಕೆಲಸದವರ ಮನಸ್ಸೂ ಉಳಿಯಲಿಲ್ಲ. ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಂಡಿದ್ದರೂ ಒಪ್ಪಬಹುದಿತ್ತು. ಎರಡನ್ನೂ ಕಳೆದುಕೊಂಡಿದ್ದೆವು.

ಅಷ್ಟರಲ್ಲಿ ಕಮಿಟಿಯಿಂದ ಕಾಗದ ಬಂತು. ಡಾಕ್ಟರಮ್ಮ ನನ್ನನ್ನು ಒಳಗೆ ಕರೆದು ಓದಿ ಹೇಳಿದರು. ಬರುವ ಶ್ರಾವಣದಲ್ಲಿ ಪ್ರೆಸಿಡೆಂಟರೂ ಮೆಂಬರುಗಳೂ ಬಂದು ನೋಡುತ್ತಾರೆ. ರೋಗಿಗಳೇ ಇಲ್ಲದ ಆಸ್ಪತ್ರೆಗೆ ಖರ್ಚು ಯಾಕೆ ಅಂತ ಮಾತು ಬಂದಿದೆ. ಮಂಚಗಳು ಹೀಗೇ ಖಾಲಿ ಇದ್ದರೆ ಬಾಗಿಲು ಹಾಕುತ್ತಾರೆ.

"ಕೆಂಪಮ್ಮ ಬರದೆ ಜನ ಬರಲ್ಲ. ನೀನು ಹೋಗಿ ಕರೆದುಕೊಂಡು ಬಾ" ಅಂದರು.

ಹೋದೆ. ಬರಿಗೈಯಲ್ಲಿ ಹೋಗಲಿಲ್ಲ. ನಮ್ಮ ಮನೆಯಲ್ಲಿದ್ದದ್ದೇ ಅಷ್ಟು, ಅದರಲ್ಲೇ ನನ್ನವ್ವ ಗೊಣಗಿಕೊಂಡು ಒಂದು ಮೊರ ರಾಗಿ ಅಳೆದು ಕೊಟ್ಟಳು. ಮೇಲೆ ಗೋಣಿ ಮುಚ್ಚಿಕೊಂಡು, ಮೊಣಕಾಲುದ್ದ ಕೆಸರಿನಲ್ಲಿ, ಗದ್ದೆ ಬದುವಿನ ಮೇಲೆ ಮೂರು ಮೈಲಿ. ಕೆಂಪಮ್ಮ ಗುಡಿಸಲ ಮುಂದೆ ಕೂತು ಮೊಮ್ಮಗುವಿನ ತಲೆಯಲ್ಲಿ ಹೇನು ನೋಡುತ್ತಿದ್ದಳು. ಎದ್ದೇಳಲಿಲ್ಲ.

"ಏನ್ ಕೂಸೆ, ಸೊಂಟದಲ್ಲಿ ಬೀಗದ ಕೈ ಕಾಣಾಕಿಲ್ಲ?"

"ಬುಟ್ಟು ಬಂದೀನಿ ಕೆಂಪವ್ವ. ತಕ್ಕೊ." ಮೊರ ಮುಂದಿಟ್ಟೆ.

"ಇದ್ಯಾರ್ ಮೊರ? ಆಸ್ಪತ್ರೇದಾ, ನಿಂದಾ?"

"ನಂದೇ."

"ನಿಂದ್ ನಂಗ್ಯಾಕೆ? ನಿನ್ನ ಎಳ್ದಾಗ ನಿಮ್ಮವ್ವ ಕೊಟ್ಟವ್ಳೆ. ನಿನ್ ಮಗೀನ ಎಳ್ದಾಗ ನೀನ್ ಕೊಟ್ಟಿದ್ದೀಯೆ. ನಂಗೂ ನಿಂಗೂ ಋಣ ತೀರದೆ. ತಕ್ಕೊಂಡೋಗಿ ನಿನ್ ಮಗೀಗೆ ಇಟ್ಟು ತೊಳ್ಸು."

"ತಪ್ಪಾಯ್ತು ಅಂತ ಬಂದೀನಿ. ಬಾಗ್ಲಾಕ್ತಾರಂತೆ ಕಣವ್ವ. ನಾವೆಲ್ಲ ಎಲ್ಲಿಗೋಗಾದು?"

ಅವಳು ಒಂದು ಹೇನನ್ನು ಉಗುರಿನ ಮೇಲೆ ಕುಕ್ಕಿದಳು. "ಸುರ್ಸ್‌ಕೊಂಡೋರು ಯಾರೋ ಅವ್ರು ತುಂಬ್ಕೊಂಡು ಬರ್ಲಿ."

ಡಾಕ್ಟರಮ್ಮನಿಗೆ ಇದನ್ನು ಹೇಳುವುದು ಕೆಂಪಮ್ಮನ ಮುಂದೆ ನಿಲ್ಲುವುದಕ್ಕಿಂತ ಕಷ್ಟವಾಯಿತು. ಅವರು ಮೇಜಿನ ಮುಂದೆ ಹಾಲಿಲ್ಲದ ಕಾಫಿ ಕುಡಿಯುತ್ತಿದ್ದರು. ಕೇಳಿ ಲೋಟ ಕುಕ್ಕಿದರು.

"ನಾನು ಏನು ತಪ್ಪು ಮಾಡಿದೆ ತಾಯಮ್ಮ? ಆ ಅಕ್ಕಿ ನಾನು ಮನೆಗೆ ಹೊತ್ಕೊಂಡು ಹೋದ್ನಾ? ಎಲ್ಲರಿಗೂ ಊಟ ಆಗಲಿ ಅಂತ ಮಾಡಿದ್ದು."

"ಹೌದಮ್ಮೋರೆ."

"ಮತ್ತೆ? ಒಂದು ಮೊರದ ಅಕ್ಕಿಗೆ ಇಷ್ಟೊಂದಾ? ನಾನೇ ಯುಗಾದಿಯಿಂದ ಸಂಬಳ ತಗೊಂಡಿಲ್ಲ. ಅವತ್ತು ನನ್ನ ಪಾಲಿಗೆ ಬಂದಿದ್ದನ್ನೂ ಔಷಧಿಗೇ ಹಾಕಿದ್ದೀನಿ. ನಾನು ಯಾರ ಮುಂದೆ ಮುಖ ಊದಿಸಿಕೊಂಡೆ?"

ನನಗೆ ಕನಿಕರ ಬರಬೇಕಿತ್ತು. ಕೋಪ ಬಂತು.

"ಅದನ್ನ ನಮ್ಗೆ ಯಾಕಮ್ಮೋರೆ ಹೇಳ್ನಿಲ್ಲ?"

"ಹೇಳಿಕೊಂಡು ತಿರುಗೋ ವಿಷಯಾನಾ ಅದು?"

"ಹೌದು, ಹೇಳಿಕೊಂಡು ತಿರುಗೋ ವಿಷಯನೇ. ಕಾಂಪೌಂಡರು ಓದಾಗ, ಅಮ್ಮೋರಿಗೆ ಮಾತ್ರ ಸಂಬಳ ಬತ್ತಾ ಅದೆ, ನಮ್ಗೆ ಮಾತ್ರ ಇಲ್ಲ ಅಂತ ಮಾದಿ ಎಲ್ಲಾರ್ಗೂ ಅಂದ್ಲು. ನಾವೆಲ್ಲ ನಂಬಿದ್ವು. ನೀವೂ ಉಪವಾಸ ಅಂತ ಗೊತ್ತಿದ್ರೆ ಆ ಮೂವರೂ ಬರಿಹೊಟ್ಟೇಲೂ ಹಂಡೆ ಕಾಯಿಸ್ತಿದ್ರು. ನೀವು ಒಬ್ರೇ ಒಳಗೊಳಗೆ ದೊಡ್ಡೋರಾದ್ರಿ, ನಾವು ಈಚೆ ಸಣ್ಣೋರಾದ್ವು."

ಅವರು ಲೋಟವನ್ನು ಪಕ್ಕಕ್ಕೆ ಸರಿಸಿದರು. ಹೆಂಚಿನ ಮೇಲೆ ಮಳೆ ಬಡಿಯುತ್ತಿತ್ತು. ಕೊನೆಗೆ, "ಮೊರಕ್ಕೆ ಏನೇನು ಹಾಕಬೇಕು?" ಅಂದರು.

ಡ್ರಮ್ಮಿನಲ್ಲಿ ಉಳಿದಿದ್ದ ಅಕ್ಕಿ ರಾಗಿ ಎಲ್ಲ ಬಳಿದರೂ ಮೊರ ನೆಟ್ಟಗೆ ತುಂಬಲಿಲ್ಲ. ಹಿಂದಿನ ದಿನ ಕೆಂಪಮ್ಮ ಬೇಡ ಅಂದಿದ್ದ ನನ್ನ ರಾಗಿಯಲ್ಲೇ ನಾಲ್ಕು ಹಿಡಿ ಹಾಕಿ ತುಂಬಿದೆ. ಅದನ್ನು ಯಾರಿಗೂ ಹೇಳಲಿಲ್ಲ. ರವಿಕೆ ಕಣಕ್ಕೆ ಅವರು ತಮ್ಮ ಪೆಟ್ಟಿಗೆಯಿಂದ ಒಂದು ಹೊಸ ತುಂಡು ತೆಗೆದರು. ಅವರು ಮುಂದೆ, ನಾನು ಹಿಂದೆ. ಛತ್ರಿ ಗಾಳಿಗೆ ಮಗುಚಿಕೊಂಡಿತು, ಚಪ್ಪಲಿ ಕೆಸರಲ್ಲಿ ಹೂತುಹೋಯಿತು. ಮೊರ ನಾನು ಹೊರುತ್ತೇನೆ ಅಂದರೆ ಕೊಡಲಿಲ್ಲ. ಕೆಂಪಮ್ಮನ ಗುಡಿಸಲು ಸೇರುವಾಗ ಅವರ ಸೀರೆ ಮೊಣಕಾಲ ತನಕ ಮಣ್ಣು. ಕೊಡುವುದಕ್ಕೆ ಕೈ ಮುಂದೆ ಮಾಡಿದರು. ಮೊರವನ್ನು ಹಿಂದುಮುಂದಾಗಿ ಹಿಡಿದಿದ್ದರು, ಕೇರುವಾಗ ಹಿಡಿದ ಹಾಗೆ, ಬಾಯಿ ಕೆಂಪಮ್ಮನ ಕಡೆ.

ಕೆಂಪಮ್ಮನಿಗೆ ನಗು ತಡೆಯಲಿಲ್ಲ. "ಅಯ್ಯೋ ಅಮ್ಮೋರೆ, ಇಂಗ್ ಇಡ್ಕೊಂಡ್ರೆ ಎಲ್ಲಾ ನನ್ ಕಾಲ್ ಮೇಲೇ ಸುರೀತದೆ. ತಿರುಗ್ಸಿ." ಅವಳೇ ಎದ್ದು ಅವರ ಕೈ ಹಿಡಿದು ತಿರುಗಿಸಿ, ಆಮೇಲೆ ಮಡಿಲೊಡ್ಡಿದಳು. ಡಾಕ್ಟರಮ್ಮ ಏನು ಹೇಳಬೇಕು ಅಂತ ಗೊತ್ತಿಲ್ಲದೆ, "ನಂಗೆ ಗೊತ್ತಿರಲಿಲ್ಲ ಕೆಂಪಮ್ಮ" ಅಂದರು. ಅಷ್ಟೇ ಸಾಕಾಯಿತು.

ಕೆಂಪಮ್ಮ ಬಂದ ಎರಡನೇ ವಾರಕ್ಕೆ ಗಾಡಿಗಳು ಬಂದವು. ಮೊರ ಮೊದಲಿನ ಹಾಗೆ ಆಯಾಗಳಿಗೇ. ಅವರೇ ಕೂತು ಮಾತಾಡಿಕೊಂಡು, ಮನೆಗೆ ಹೋಗುವಾಗ ಮೊರದಿಂದ ಎರಡೆರಡು ಹಿಡಿ ಡ್ರಮ್ಮಿಗೆ ಹಾಕಿ ಹೋಗತೊಡಗಿದರು. ಯಾರೂ ಹೇಳಿರಲಿಲ್ಲ. ಕೇಳಿದಾಗ ಕೊಡದವರು ಕೇಳದೆ ಇದ್ದಾಗ ಕೊಟ್ಟರು. ಜನ ಹಾಗೆ, ಏನು ಮಾಡುವುದು. ಸಾಲದೆ ಬಂದಾಗ ಗಂಜಿ ತೆಳ್ಳಗೆ ಕಾಯಿಸಿದೆವು. ಮಾದಮ್ಮ ಸೌದೆ ಹಸಿ ಅನ್ನುವುದನ್ನು ಬಿಟ್ಟು ಕಾಡಂಚಿನಿಂದ ತಾನೇ ಹೊರೆ ತಂದಳು. ಕಮಿಟಿಯವರು ಬರುವ ದಿನ ಹತ್ತು ಮಂಚದಲ್ಲಿ ಹತ್ತೂ ತುಂಬಿ, ಇಬ್ಬರು ಕೆಳಗೆ ಚಾಪೆಯ ಮೇಲೆ ಮಲಗಿದ್ದರು. ಮೂರು ಸಲ ತೊಳೆದು ನೆಲಕ್ಕೆ ಫಿನಾಯಿಲ್ ಹಾಕಿದ್ದೆವು.

ಸಾಹುಕಾರರು ಮೂವರು ಮೆಂಬರುಗಳ ಜೊತೆ ಕಾರಿನಲ್ಲಿ ಬಂದರು. ಮಂಚ ಮಂಚದ ಮುಂದೆ ನಿಂತು ನೋಡಿದರು. ಕೂಸುಗಳನ್ನು ನೋಡಿದರು, ಹೊಳೆಯುವ ಹಂಡೆ ನೋಡಿದರು. ಆಯಾಗಳ ಮುಖದ ಮೇಲೆ ಕಳೆ ಇತ್ತು. ಈಗ ಇವರಿಗೆ ಅರ್ಥವಾಗುತ್ತದೆ, ಈಗ ಸಂಬಳ ಬರುತ್ತದೆ ಅಂತ ನಾವೆಲ್ಲ ಗೋಡೆಗೆ ಸಾಲಾಗಿ ನಿಂತಿದ್ದೆವು. ಜಗಲಿಗೆ ಬಂದು ಸಾಹುಕಾರರು ಡಾಕ್ಟರಮ್ಮನ ಕಡೆ ತಿರುಗಿ ಬಾಯ್ತುಂಬ ನಕ್ಕರು.

"ಭೇಷ್ ಡಾಕ್ಟರಮ್ಮ! ಐದು ತಿಂಗಳಿಂದ ನಾವು ಒಂದು ಕಾಸೂ ಕೊಟ್ಟಿಲ್ಲ, ಆದ್ರೂ ಆಸ್ಪತ್ರೆ ತುಂಬಿ ತುಳುಕ್ತಾ ಅದೆ. ದುಡ್ಡಿಲ್ದೇನೂ ನಡೀತದೆ ಅಂತ ತೋರಿಸ್ಕೊಟ್ರಿ. ಬಾಗಿಲು ಹಾಕೋ ಮಾತು ಇನ್ನಿಲ್ಲ. ಇಂಗೇ ನಡೆಸ್ಕೊಂಡು ಓಗಿ."

ಮೆಂಬರುಗಳು ತಲೆಯಾಡಿಸಿದರು. ಕೆಲಸ ಕೆಟ್ಟರೆ ಬಾಗಿಲು ಹಾಕುತ್ತಾರೆ, ಕೆಲಸ ಚೆನ್ನಾಗಿ ಆದರೆ ದುಡ್ಡು ಬೇಕಿಲ್ಲ ಅನ್ನುತ್ತಾರೆ. ಇದಕ್ಕೆ ಯಾವ ದೇವರ ಹತ್ತಿರ ಹೋಗಿ ನ್ಯಾಯ ಕೇಳುವುದು?

ಸಾಲಿನಿಂದ ಕೆಂಪಮ್ಮ ಈಚೆಗೆ ಬಂದಳು. ಅಡುಗೆಮನೆ ಬಾಗಿಲಿಗೆ ಹೋಗಿ, ಒಂದೂವರೆ ತಿಂಗಳಿನಿಂದ ಬೋರಲು ಬಿದ್ದಿದ್ದ ಮೊರವನ್ನು ಎತ್ತಿದಳು. ಅದರ ಮೇಲಿನ ದೂಳನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ ಸಾಹುಕಾರರ ಮುಂದೆ ಬಂದಳು.

"ತಕ್ಕೊಳ್ಳಿ ಬುದ್ಧಿ."

ಮೊರ ಮುಂದೆ ಬಂದರೆ ಕೈ ತಾನೇ ಮುಂದಾಗುತ್ತದೆ, ಅದು ನಮ್ಮ ಕಡೆಯವರ ರೂಢಿ. ಅವರೂ ಇದೇ ಮಣ್ಣಿನವರು. ತೆಗೆದುಕೊಂಡುಬಿಟ್ಟರು. ತೆಗೆದುಕೊಂಡ ಮೇಲೆ ನೋಡಿದರು.

"ಏನಮ್ಮಿ ಇದು?"

"ನಿಮ್ಮ ದೊಡ್ಡ ಮಗನ್ನ ಎಳ್ದೋಳು ನಾನೇ. ಅವತ್ತು ನಿಮ್ಮವ್ವ ತುಂಬಿ ಕೊಟ್ಟಿದ್ರು, ನನ್ ಕೈಲಿ ಎತ್ತಕ್ಕಾಗ್ನಿಲ್ಲ. ನಿಮ್ ಸೊಸೆ ಈಗ ತುಂಬಿದ ಬಸ್ರಿ ಅಂತ ಕೇಳ್ದೆ. ಒಳ್ಳೇದಾಗ್ಲಿ ಅಂತ ಕೊಡಾನ ಅಂದ್ರೆ, ನಮ್ಮತ್ರ ಇರಾದು ಇಷ್ಟೇ."

ಒಬ್ಬ ಮೆಂಬರು ನಾಲಗೆ ಕಚ್ಚಿಕೊಂಡ. ಸಾಹುಕಾರರಿಗೆ ಆ ಮೊರವನ್ನು ಕೆಳಗಿಡಲೂ ಆಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಕೆಳಗಿಟ್ಟರೆ ಬೋರಲು ಹಾಕಿದ ಹಾಗೆ, ವಾಪಸು ಕೊಟ್ಟರೆ ಬರೀ ಮೊರ ಕೊಟ್ಟ ಹಾಗೆ. ಮುಖ ಕಪ್ಪಿಟ್ಟಿತು. ಡ್ರೈವರ್ ಕೈಯಲ್ಲಿ ಅದನ್ನು ಕಾರಿನಲ್ಲಿಡಿಸಿಕೊಂಡು ಹೊರಟುಹೋದರು.

ಮಾರನೆಯ ದಿನ ಮಧ್ಯಾಹ್ನ ಅವರ ಎತ್ತಿನ ಗಾಡಿ ಬಂತು. ಅದರಲ್ಲಿ ಒಂದು ಪಲ್ಲ ರಾಗಿ, ಅಂದರೆ ನೂರು ಸೇರು, ಅದರ ಮೇಲೆ ಅದೇ ಮೊರ, ತುಂಬಿಕೊಂಡು, ಬೆಲ್ಲ ಕಾಯಿ ಸಮೇತ. ರಾಗಿ ಬಂತು ಅಂತ ಎಲ್ಲರೂ ಕುಣಿದರು. ನಾನು ಕುಣಿಯಲಿಲ್ಲ. ಅವರು ಹೆದರಿ ಕಳಿಸಿದರು, ಅರ್ಥವಾಗಿ ಕಳಿಸಲಿಲ್ಲ. ಸಂಬಳ ಬಂದದ್ದು ಗೌರಿಹಬ್ಬ ಕಳೆದ ಮೇಲೆ, ಅದೂ ಎರಡು ತಿಂಗಳಿನದು. ಉಳಿದದ್ದು ಇವತ್ತಿನವರೆಗೂ ಬಂದಿಲ್ಲ. ಡಾಕ್ಟರಮ್ಮ ಇನ್ನೊಂದು ವರ್ಷ ಇದ್ದು ಸಾಕಾಗಿ ಮೈಸೂರಿಗೆ ಹೋದರು. ಅವರ ಸಂಬಳ ಏನಾಯಿತು ಅಂತ ಕೇಳಿದವರು ಯಾರೂ ಇಲ್ಲ. ನಾನೂ ಕೇಳಲಿಲ್ಲ.

ಆ ಮೊರ ಬಂದ ಸಂಜೆ ಕೆಂಪಮ್ಮ ಅದನ್ನು ಸೊಂಟಕ್ಕೆ ಇಟ್ಟುಕೊಂಡು ಮನೆಗೆ ಹೊರಟಳು. ಅಡುಗೆಮನೆ ಬಾಗಿಲಲ್ಲಿ ನಾನು ನಿಂತಿದ್ದೆ. ಎಲ್ಲಾ ಸರಿಹೋಯಿತಲ್ಲ ಅನ್ನುವ ಧೈರ್ಯದ ಮೇಲೆ ಕೇಳಿದೆ:

"ಇನ್ನು ನನ್ ಮೇಲೆ ಕೋಪ ಇಲ್ವಲ್ಲ ಕೆಂಪವ್ವ?"

ಅವಳು ನಿಂತಳು. "ಅಮ್ಮೋರ್ ಮೇಲಿಲ್ಲ. ಆಯಮ್ಮಂಗೆ ಗೊತ್ತಿರ್ನಿಲ್ಲ." ಆಮೇಲೆ ನನ್ನ ಅಂಗೈ ಕಡೆ ನೋಡಿದಳು. "ನಿಂಗೊತ್ತಿತ್ತು ಕಣೆ."

ಅವಳು ಸಾಯುವ ತನಕ ಒಟ್ಟಿಗೇ ಕೆಲಸ ಮಾಡಿದೆವು. ಒಟ್ಟಿಗೇ ಉಂಡೆವು. ಆ ಮಾತನ್ನು ಅವಳು ಮತ್ತೆ ಎತ್ತಲಿಲ್ಲ, ವಾಪಸು ತೆಗೆದುಕೊಳ್ಳಲೂ ಇಲ್ಲ.

ಮೊನ್ನೆ ನನ್ನ ಸರದಿ ಬಂತು. ರೇಷನ್ನಿನವನು ತಕ್ಕಡಿ ತಟ್ಟೆಯಿಂದ ನನ್ನ ಪಾಲಿನ ರಾಗಿಯನ್ನು ಚೀಲಕ್ಕೆ ಸುರಿದ. ಮೂಲೆಯಲ್ಲಿ ಸ್ವಲ್ಪ ಉಳಿಯಿತು. ತಟ್ಟೆಯನ್ನು ಬೋರಲು ಮಾಡಿ ಬೆನ್ನಿಗೆ ಬಡಿಯಲು ಕೈ ಎತ್ತಿದ.

"ತಟ್ಬ್ಯಾಡ ಬುಡಪ್ಪ" ಅಂದೆ.

"ನಿಮ್ ರಾಗೀನೇ ಅಜ್ಜಿ. ಆಮೇಲೆ ತೂಕ ಕಮ್ಮಿ ಅಂತ ನನ್ ಮೇಲೆ ಕಂಪ್ಲೇಂಟ್ ಕೊಡ್ಬ್ಯಾಡಿ."

"ಕೊಡಾಕಿಲ್ಲ. ಅಲ್ಲೇ ಇರ್ಲಿ."

ಹಿಂದೆ ನಿಂತಿದ್ದವರು ಈ ಮುದುಕಿಗೆ ಏನಾಗಿದೆ ಅಂತ ಗೊಣಗಿದರು. ನಾನು ಚೀಲದ ಬಾಯಿ ಕಟ್ಟಿ ಮೊಮ್ಮಗಳ ಕೈಗೆ ಕೊಟ್ಟೆ.